ಅಂಬಾಸಿಡರ್‌ನ 15 ಥೌ ಸಂದು

1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂತು. ತೂಕ, ಅಳತೆಗಳೆಲ್ಲ ಮೆಟ್ರಿಕ್ ಪದ್ಧತಿಗೆ ಬರಬೇಕೆಂಬ ಕಾನೂನು ಅದರ ಹಿಂದಿನ ವರ್ಷವೇ ಆಗಿತ್ತು. ದೇಶ ಇಂಚು, ಸೇರು ಬಿಡಲು ಹೊರಟಿದ್ದ 1957ರಲ್ಲೇ ಕೋಲ್ಕತ್ತದ ಬಳಿಯ ಉತ್ತರಪಾರಾದಿಂದ ಅಂಬಾಸಿಡರ್ ಹೊರಬಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ತೆಗೆದ ಗಾಡಿ. ನಟ್ಟು, ಬೋಲ್ಟು, ಸಂದುಗೊಂದು ಎಲ್ಲ ಅಪ್ಪಟ ಇಂಚು. ಹಳೇ ಅಂಬಾಸಿಡರ್ ಕೊಂಡು ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗಳ ಸಂದು ಹೊಂದಿಸುವುದು) ತಾವೇ ಮಾಡಿಕೊಳ್ಳಲು ಹೊರಟವರು ಇವತ್ತಿಗೂ ಮೊದಲು ಎಡವುವುದು ಇಲ್ಲೇ. ಮನೆಯಲ್ಲಿರುವ ಸ್ಪ್ಯಾನರ್ ಸೆಟ್ ಮಿಲಿಮೀಟರಿನದು.

ಇಂಜಿನ್ ಕಾದಾಗ ವಾಲ್ವ್ ಹಿಗ್ಗುತ್ತದೆ. ಆ ಹಿಗ್ಗಿಗೆಂದು, ವಾಲ್ವನ್ನು ಅದುಮುವ ರಾಕರ್‌ನ ಮೂತಿಗೂ ವಾಲ್ವ್‌ನ ತುದಿಗೂ ನಡುವೆ ಒಂದಿಷ್ಟು ಸಂದು ಬಿಟ್ಟಿರುತ್ತಾರೆ. 1489 ಸಿಸಿ ಅಂಬಾಸಿಡರ್‌ನಲ್ಲಿ ಅದು 15 ಥೌ, ಅಂದರೆ ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಹದಿನೈದು. ನಾಲ್ಕು ಜೆರಾಕ್ಸ್ ಹಾಳೆ ಒಟ್ಟಿಟ್ಟಷ್ಟು ದಪ್ಪ. ಸಂದು ಹೆಚ್ಚಾದರೆ ಟಕಟಕ ಸದ್ದು. ಕಡಿಮೆಯಾದರೆ ಸದ್ದೇ ಇರುವುದಿಲ್ಲ, ಹೆದರಬೇಕಾದದ್ದು ಅದಕ್ಕೆ. ಎಕ್ಸಾಸ್ಟ್ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರದೆ, ಶಾಖ ಇಳಿಯಲು ದಾರಿ ಸಿಗದೆ ಸುಟ್ಟುಹೋಗುತ್ತದೆ. ಅನುಭವಿ ಮೆಕ್ಯಾನಿಕ್‌ಗಳು ಟ್ಯಾಪೆಟ್ಟನ್ನು ಒಂದು ಕೂದಲು ಲೂಸಾಗಿಯೇ ಬಿಡುವುದು ಸೋಮಾರಿತನದಿಂದಲ್ಲ.

ಕಾರಿನ ಬಾಲ್ಯದಲ್ಲಿ ಈ ಗೋಳು ಅರ್ಧದಷ್ಟೇ ಇತ್ತು. ಫ್ರಾನ್ಸಿನ ದ ದಿಯೋನ್ ಬೂತೋನ್ ಮುಂತಾದ ಆ ಕಾಲದ ಇಂಜಿನ್‌ಗಳಲ್ಲಿ ಇನ್‌ಲೆಟ್ ವಾಲ್ವನ್ನು ತೆರೆಯುತ್ತಿದ್ದದ್ದು ಪಿಸ್ಟನ್ನಿನ ಹೀರುವಿಕೆ. ಅದಕ್ಕೆ ಸೆಟ್ಟಿಂಗೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯಲ್ಲಿ ಎರಡು ಬಗೆಯ ವಾಲ್ವ್‌ಗಳಿಗೂ ಸಂದು ಬೇಕಿತ್ತು, ಆದರೆ ತಿರುಗಿಸಲು ಸ್ಕ್ರೂ ಇರಲಿಲ್ಲ. ಸಂದು ಸಾಲದಿದ್ದರೆ ವಾಲ್ವ್‌ನ ತುದಿಯನ್ನೇ ಉಜ್ಜಬೇಕು. ಅಲ್ಲಿ ಅರವೇ ಹತಾರ. ಒಮ್ಮೆ ಜಾಸ್ತಿ ಉಜ್ಜಿದರೆ ಹಿಂದಕ್ಕೆ ಬರುವ ದಾರಿಯಿಲ್ಲ.

ಆಮೇಲೆ ಟ್ಯಾಪೆಟ್‌ಗೇ ಬೋಲ್ಟು, ಲಾಕ್‌ನಟ್ಟು ಬಂದವು. ಸೈಡ್ ವಾಲ್ವ್ ಇಂಜಿನ್‌ನಲ್ಲಿ ಇವೆಲ್ಲ ಬ್ಲಾಕಿನ ಪಕ್ಕದ ಇಕ್ಕಟ್ಟಿನೊಳಗೆ ಕೂತಿರುತ್ತವೆ. ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಲು ಚಪ್ಪಟೆಯಾದ ತೆಳ್ಳಗಿನ ಟ್ಯಾಪೆಟ್ ಸ್ಪ್ಯಾನರ್‌ಗಳು ಬೇಕು. ಮಾಮೂಲಿ ಸ್ಪ್ಯಾನರ್‌ನ ದಪ್ಪ ಮೂತಿ ಅಲ್ಲಿ ನುಗ್ಗುವುದಿಲ್ಲ. ಅಂಬಾಸಿಡರ್‌ಗಿಂತ ಮುಂಚಿನ ಲ್ಯಾಂಡ್‌ಮಾಸ್ಟರ್ ಕಾರಿನಲ್ಲಿ, ಆರಂಭದ ಅಂಬಾಸಿಡರ್‌ಗಳಲ್ಲಿ ಇದ್ದದ್ದು ಈ ಬಗೆಯ ಇಂಜಿನ್ನೇ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಇಂಜಿನ್ ಬಂದು ಕೂತಿತು. ವಾಲ್ವ್‌ಗಳು ತಲೆಯ ಮೇಲೇರಿದವು. ಟ್ಯಾಪೆಟ್ ಕವರಿನ ಎರಡು ನಟ್ಟು ಬಿಚ್ಚಿದರೆ ಎಂಟೂ ರಾಕರ್‌ಗಳು ಕಣ್ಣೆದುರು.

ಈ ಇಂಜಿನ್ನಿಗೆ ಬೇಕಾದ ಹತಾರ ಮೂರೋ ನಾಲ್ಕೋ. ಲಾಕ್‌ನಟ್ಟಿಗೆ ಅರ್ಧ ಇಂಚಿನ ರಿಂಗ್ ಸ್ಪ್ಯಾನರ್. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, ಹಾಗಾಗಿ 13ನೇ ನಂಬರ್ ಕೂರುತ್ತದೆ. ಕೂರುತ್ತದೆ ಎಂಬುದೇ ತೊಂದರೆ. ಉಳಿದ 0.3 ಮಿಲಿಮೀಟರ್ ಸಡಿಲದಲ್ಲಿ ನಟ್ಟಿನ ಮೂಲೆಗಳು ಒಂದೊಂದು ಸಲಕ್ಕೂ ಒಂದಿಷ್ಟು ಸವೆದು ಕೊನೆಗೆ ಯಾವ ಸ್ಪ್ಯಾನರ್‌ಗೂ ಸಿಗದಂತಾಗುತ್ತವೆ. ದುಡ್ಡು ಹಾಕುವುದಿದ್ದರೆ ಈ ಒಂದು ಸ್ಪ್ಯಾನರ್‌ಗೆ ಹಾಕಿ. ಸ್ಕ್ರೂಡ್ರೈವರ್ ರಾಕರ್ ಸ್ಕ್ರೂವಿನ ಸೀಳು ತುಂಬುವಷ್ಟು ಅಗಲದ್ದಿರಲಿ, ಏಕೆಂದರೆ ಲಾಕ್‌ನಟ್ಟು ಬಿಗಿಯುವಾಗ ಸ್ಕ್ರೂ ಕೂಡ ಅದರ ಜೊತೆ ಹೊರಡುತ್ತದೆ. ಎಡಗೈಯಲ್ಲಿ ಅದನ್ನು ಅಲುಗದಂತೆ ಹಿಡಿದೇ ಬಿಗಿಯಬೇಕು, ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು.

ಅಳೆಯುವುದಕ್ಕೆ ಗ್ಯಾರೇಜಿನವರು ಫಿಲ್ಲರ್ ಗೇಜ್ ಎನ್ನುವ ಉಕ್ಕಿನ ಎಸಳುಗಳ ಗೊಂಚಲು. ಇದರಲ್ಲಿ ಮೊದಲು ಹಾಳಾಗುವುದು 15ರ ಎಸಳೇ, ಏಕೆಂದರೆ ಅಂಬಾಸಿಡರ್‌ನ ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಸಂದೂ ಹೆಚ್ಚುಕಮ್ಮಿ ಅಷ್ಟೇ. ಎಸಳು ಎಷ್ಟು ಬಿಗಿಯಾಗಿ ಎಳೆದರೆ ಸರಿ ಎಂಬುದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಈ ಜಗಳ ಬೇಡವೆನ್ನುವವರು 14 ಸಲೀಸಾಗಿ ಹೋಗಬೇಕು, 16 ಹೋಗಬಾರದು ಎಂದು ಇಟ್ಟುಕೊಳ್ಳಲಿ. ಅಳತೆ ನೋಡುವುದು ಇಂಜಿನ್ ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ ಎಂಬುದನ್ನು ಗಾಡಿಯ ಕೈಪಿಡಿಗೇ ಬಿಡುವುದು ಒಳ್ಳೆಯದು.

ಹೊಸಬರ ಲೆಕ್ಕಕ್ಕೆ ಬಾರದ ಇನ್ನೊಂದು ಹತಾರ ಹ್ಯಾಂಡಲ್. ಪ್ಲಗ್ ಬಿಚ್ಚಿ, ಮುಂದಿನ ಬಂಪರಿನ ತೂತಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಇಂಜಿನ್ ನಿಮಗೆ ಬೇಕಾದಲ್ಲಿ ನಿಲ್ಲುತ್ತದೆ. ಹ್ಯಾಂಡಲ್ ಇಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ತಳ್ಳಬೇಕು. ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಒಂಬತ್ತರ ಲೆಕ್ಕವಿದೆ: ಒಂದನೇ ವಾಲ್ವ್ ಪೂರ್ತಿ ಅದುಮಿ ತೆರೆದಿರುವಾಗ ಎಂಟನೆಯದನ್ನು ಸೆಟ್ ಮಾಡಿ, ಮೂರು ತೆರೆದಿದ್ದರೆ ಆರನ್ನು, ಎರಡು ತೆರೆದಿದ್ದರೆ ಏಳನ್ನು.

ಇಷ್ಟೆಲ್ಲ ಮಾಡಿಯೂ ಟಕಟಕ ನಿಲ್ಲದ ಗಾಡಿಗಳುಂಟು. ಅಂಥ ಗಾಡಿಯ ರಾಕರ್ ಮೂತಿಯನ್ನು ಬೆರಳಿನಿಂದ ಸವರಿ ನೋಡಿ. ವರ್ಷಾನುಗಟ್ಟಲೆ ಬಡಿದು ಅಲ್ಲೊಂದು ಗುಳಿ ಬಿದ್ದಿರುತ್ತದೆ. ಚಪ್ಪಟೆ ಎಸಳು ಆ ಗುಳಿಯೊಳಗೆ ಇಳಿಯದೆ ಅದರ ದಂಡೆಗಳ ಮೇಲೇ ಹಾದುಹೋಗುತ್ತದೆ. ನೀವು 15 ಅಂದುಕೊಂಡದ್ದು ಒಳಗೆ 20 ಇದ್ದೀತು. ಇಂಗ್ಲೆಂಡಿನ ಗನ್ಸನ್ ಕಂಪನಿಯ ಕ್ಲಿಕ್‌ಅಡ್ಜಸ್ಟ್ ಇದಕ್ಕೊಂದು ಉಪಾಯ. ಅದಕ್ಕೆ ಎಸಳೇ ಬೇಡ. ಸಂದು ಪೂರ್ತಿ ಮುಚ್ಚುವವರೆಗೆ ಸ್ಕ್ರೂ ತಿರುಗಿಸಿ, ಆಮೇಲೆ ಕ್ಲಿಕ್ ಸದ್ದು ಎಣಿಸುತ್ತ ಹಿಂದಕ್ಕೆ ಬಿಚ್ಚುತ್ತ ಬರುವುದು. ಸ್ಕ್ರೂವಿನ ಮರೆ ಇಂಚಿಗೆ 24 ಸುತ್ತು, ರಾಕರ್ ಆ ಚಲನೆಯನ್ನು ಒಂದೂವರೆಯಷ್ಟರ ಸಮೀಪಕ್ಕೆ ಹಿಗ್ಗಿಸುತ್ತದೆ. ಹಾಗಾಗಿ 15 ಥೌಗೆ ಸುಮಾರು ಕಾಲು ಸುತ್ತು ಸಾಕು. ಎಂಜಿ ಕಾರುಗಳಲ್ಲೂ ಇದೇ ಬಿ-ಸೀರೀಸ್ ಇಂಜಿನ್ ಇದ್ದದ್ದರಿಂದ ಬ್ರಿಟನ್ನಿನಲ್ಲಿ ಅವಕ್ಕೆಂದು ಮಾರುವ ಹತಾರ ನಮ್ಮ ಅಂಬಾಸಿಡರ್‌ಗೂ ನಡೆಯುತ್ತದೆ.

ಸಂದನ್ನೇ ಇಲ್ಲವಾಗಿಸುವ ಪ್ರಯತ್ನ ಹಳೆಯದು. 1930ರಲ್ಲೇ ಕ್ಯಾಡಿಲಾಕ್‌ನ ಹದಿನಾರು ಸಿಲಿಂಡರಿನ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ಸಂದು ತಾನೇ ತುಂಬಿಕೊಳ್ಳುವ ಏರ್ಪಾಡಿತ್ತು. ನಮ್ಮ ಅಂಬಾಸಿಡರ್ ಅದರ ಗೋಜಿಗೆ ಹೋಗದೆ ದಶಕಗಟ್ಟಲೆ ಸ್ಕ್ರೂ, ಲಾಕ್‌ನಟ್ಟಿನಲ್ಲೇ ಓಡಿತು.

ಇಂಚಿನ ಸ್ಪ್ಯಾನರ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೋ ಭಾನುವಾರದ ಸಂಡೇ ಬಜಾರನ್ನೋ ಸುತ್ತಬಹುದು. ಹೋಗುವ ಮುಂಚೆ ಒಮ್ಮೆ ಬಾನೆಟ್ ಎತ್ತಿ ನೋಡಿ. ತೊಂಬತ್ತರ ದಶಕದ ಆರಂಭದಿಂದ ಅದೇ ಮೈಕಟ್ಟಿನೊಳಗೆ ಜಪಾನಿನ ಇಸುಜು ಇಂಜಿನ್ ಹೊತ್ತ ಅಂಬಾಸಿಡರ್‌ಗಳೂ ಬಂದವು. ಅವುಗಳ ಇಂಜಿನ್ನಿಗೆ ಮಿಲಿಮೀಟರ್ ಸೆಟ್ಟೇ ಬೇಕು.