ಹಸಿರು ಸಕ್ಯುಲೆಂಟ್‌ಗಳು: ನಂಬಿಕೆ ಎಷ್ಟು, ನಿಜವೆಷ್ಟು?

ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳು ಇಂದು ಊರೂರಿನ ನರ್ಸರಿಗಳಲ್ಲಿ ಸಿಗುತ್ತವೆ. ಕೊಂಡು ತರುವುದು ಸುಲಭ. ಆದರೆ ಎಷ್ಟೋ ಮನೆಗಳಲ್ಲಿ ಕೆಲವೇ ತಿಂಗಳಲ್ಲಿ ಕುಂಡ ಖಾಲಿಯಾಗುತ್ತದೆ. ಗಿಡದ ಜೊತೆಗೇ ಮನೆಗೆ ಬರುವ ತಪ್ಪು ತಿಳಿವಳಿಕೆಗಳು ಇದಕ್ಕೆ ದೊಡ್ಡ ಕಾರಣ. ಅವನ್ನು ತಿದ್ದಿಕೊಂಡರೆ ಈ ಗಿಡಗಳು ವರ್ಷಗಟ್ಟಲೆ ಬಾಳುತ್ತವೆ.

ತಪ್ಪು ಕಲ್ಪನೆ: ಸಕ್ಯುಲೆಂಟ್‌ಗಳೆಲ್ಲ ಮರುಭೂಮಿಯ ಕಳ್ಳಿಗಳು

ಸತ್ಯ: ಕ್ಯಾಕ್ಟಸ್ ಒಂದು ಸಸ್ಯಕುಟುಂಬ, ಅದರ ಹೆಚ್ಚುಕಡಿಮೆ ಎಲ್ಲ ಪ್ರಭೇದಗಳ ತವರು ಅಮೆರಿಕ ಖಂಡಗಳು. ನಮ್ಮ ಬೇಲಿಗಳ ಪಾಪಾಸುಕಳ್ಳಿಯೂ ಅಲ್ಲಿಂದಲೇ ಬಂದದ್ದು. ಅದೇ ಬೇಲಿಯಲ್ಲಿ, ಮುರಿದರೆ ಹಾಲು ಸುರಿಸುವ ಕಳ್ಳಿಗಳು ಯೂಫೋರ್ಬಿಯಾ ಎಂಬ ಬೇರೆಯೇ ಕುಲಕ್ಕೆ ಸೇರಿದವು. ನೀರು ಕೂಡಿಡುವ ಗುಣ ಹಲವು ಕುಟುಂಬಗಳಲ್ಲಿ, ಹಲವು ಬಗೆಯ ನೆಲಗಳಲ್ಲಿ ಬೆಳೆದುಬಂದಿದೆ. ಬಿಳಿ ಪಟ್ಟೆಯ ಹಾವರ್ಥಿಯಾ ದಕ್ಷಿಣ ಆಫ್ರಿಕಾದ ಪೊದೆಗಳ ನೆರಳಿನದು. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ ಉಷ್ಣವಲಯದ್ದು. ಜಡೆಯಂತೆ ಇಳಿಬೀಳುವ ಬರೋಸ್ ಟೇಲ್ ಮೆಕ್ಸಿಕೊದ ಬಂಡೆಗಳಲ್ಲಿ ಜೋತುಬೀಳುವ ಗಿಡ. ತವರು ತಿಳಿದರೆ ಆರೈಕೆಯ ಅರ್ಧ ದಾರಿ ತಿಳಿದಂತೆ.

ತಪ್ಪು ಕಲ್ಪನೆ: ವಾರಕ್ಕೆ ಒಂದು ಚಮಚ ನೀರು ಸಾಕು

ಸತ್ಯ: ಚಮಚದ ನೀರು ಮೇಲ್ಮಣ್ಣನ್ನಷ್ಟೇ ಒದ್ದೆ ಮಾಡುತ್ತದೆ, ಕೆಳಗಿನ ಬೇರು ಒಣಗುತ್ತದೆ. ಕೊಡುವಾಗ ತಳದ ತೂತಿನಿಂದ ಹರಿಯುವಷ್ಟು ಕೊಡಬೇಕು. ಆಮೇಲೆ ಒಳಮಣ್ಣು ಒಣಗುವ ತನಕ ಸುಮ್ಮನಿರಬೇಕು. ಒಂದು ಕಡ್ಡಿಯನ್ನು ಆಳಕ್ಕೆ ಚುಚ್ಚಿ ತೆಗೆಯಿರಿ. ಒದ್ದೆ ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಕಾಯಿರಿ. ಏಪ್ರಿಲ್‌ನಲ್ಲಿ ಬಳ್ಳಾರಿಯ ಬಾಲ್ಕನಿಯಲ್ಲಿ ಬೇಗ ಒಣಗುವ ಮಣ್ಣು, ಜುಲೈನಲ್ಲಿ ಆಗುಂಬೆಯ ಜಗಲಿಯಲ್ಲಿ ಒಣಗುವುದೇ ಕಷ್ಟ. ಹಾಗಾಗಿ ಎಲ್ಲರಿಗೂ ಒಪ್ಪುವ ವಾರದ ಲೆಕ್ಕ ಇಲ್ಲ. ಎಲೆ ಸುಕ್ಕುಗಟ್ಟಿ ತೆಳುವಾಗಿದ್ದು ಮಣ್ಣೂ ಒಣಗಿದ್ದರೆ ಅದು ಬಾಯಾರಿಕೆ. ಎಲೆ ಹಳದಿಯಾಗಿ, ಒಳಗಿನ ನೀರು ಕಾಣುವಷ್ಟು ಮೆತ್ತಗಾದರೆ ನೀರು ಅತಿಯಾಗಿದೆ. ಬಾಯಾರಿದ ಗಿಡ ಚೇತರಿಸಿಕೊಳ್ಳುತ್ತದೆ. ಕೊಳೆತ ಬೇರು ಮರಳಿ ಬಾರದು.

ತಪ್ಪು ಕಲ್ಪನೆ: ಬಿಸಿಲು ಹೆಚ್ಚಿದಷ್ಟೂ ಒಳ್ಳೆಯದು

ಸತ್ಯ: ಹಾವರ್ಥಿಯಾದಂಥ ಹಸಿರು ಗಿಡಗಳು ಮಧ್ಯಾಹ್ನದ ಬಿಸಿಲಿಗೆ ಕಂದುಬಣ್ಣಕ್ಕೆ ತಿರುಗುತ್ತವೆ. ಬೆಳಗಿನ ಎಳೆಬಿಸಿಲು, ಉಳಿದಂತೆ ಒಳ್ಳೆಯ ಬೆಳಕು ಅವಕ್ಕೆ ಸಾಕು. ಹಾಗೆಂದು ಕೋಣೆಯ ಕತ್ತಲ ಮೂಲೆಯಲ್ಲಿ ಇಡಬಾರದು. ಅಲ್ಲಿ ಜೇಡ್, ಎಚಿವೇರಿಯಾಗಳ ಕಾಂಡ ಬೆಳಕು ಹುಡುಕಿ ಉದ್ದವಾಗುತ್ತದೆ, ಎಲೆಗಳ ನಡುವೆ ಅಂತರ ಹೆಚ್ಚುತ್ತದೆ. ಹೀಗೆ ಎಳೆದುಕೊಂಡ ಕಾಂಡ ಮತ್ತೆ ಗಿಡ್ಡವಾಗದು. ತುದಿ ಕತ್ತರಿಸಿ, ಗಾಯ ಒಣಗಲು ಕೆಲವು ದಿನ ನೆರಳಲ್ಲಿಟ್ಟು ಹೊಸದಾಗಿ ನೆಡಬೇಕು.

ತಪ್ಪು ಕಲ್ಪನೆ: ಇವು ರಾತ್ರಿ ಆಮ್ಲಜನಕ ಕೊಟ್ಟು ಕೋಣೆಯ ಗಾಳಿ ಶುದ್ಧ ಮಾಡುತ್ತವೆ

ಸತ್ಯ: ಈ ನಂಬಿಕೆಯ ಹಿಂದೆ ಅರ್ಧ ವಿಜ್ಞಾನವಿದೆ. ಟಿಪ್ಪುವಿನ ಪತನದ ಬಳಿಕ ಬೆಂಗಳೂರಿನ ಲಾಲ್‌ಬಾಗ್ ಉಸ್ತುವಾರಿ ವಹಿಸಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆ, 1813ರ ಪತ್ರವೊಂದರಲ್ಲಿ ಕಾಡುಬಸಳೆಯ ಎಲೆಯ ರುಚಿಯನ್ನು ದಾಖಲಿಸಿದ್ದಾರೆ: ಬೆಳಿಗ್ಗೆ ಕಟುಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಆ ಹುಳಿಗೆ ಕಾರಣ ಮ್ಯಾಲಿಕ್ ಆಮ್ಲ. ನೀರು ಆವಿಯಾಗದಿರಲೆಂದು ಇಂಥ ಗಿಡಗಳು ಪತ್ರರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈ ಆಕ್ಸೈಡ್ ಒಳಗೆಳೆದು, ಆಮ್ಲವಾಗಿ ಕೂಡಿಡುತ್ತವೆ. ಹಗಲಲ್ಲಿ ಅದನ್ನೇ ಬಳಸಿ ಆಹಾರ ತಯಾರಿಸುತ್ತವೆ. ಆಮ್ಲಜನಕ ಹುಟ್ಟುವುದಕ್ಕೆ ಬೆಳಕು ಬೇಕೇ ಬೇಕು. ಕತ್ತಲಲ್ಲಿ ಅದು ತಯಾರಾಗದು.

ಗಾಳಿ ಶುದ್ಧಿಯ ಮಾತು ಹಬ್ಬಿದ್ದು ನಾಸಾದ 1989ರ ವರದಿಯಿಂದ. ಅಲ್ಲಿ ಗಿಡಗಳನ್ನು ಪರೀಕ್ಷಿಸಿದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದ 2019ರ ಅಧ್ಯಯನದ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಶುದ್ಧಿ ಮಾಡಲು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. ಶುದ್ಧ ಗಾಳಿ ಬೇಕಿದ್ದರೆ ಕಿಟಕಿ ತೆರೆಯಿರಿ.

ತಪ್ಪು ಕಲ್ಪನೆ: ಕುಂಡದ ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ

ಸತ್ಯ: ನುಣುಪು ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯದು, ಎರಡೂ ಸೇರುವಲ್ಲಿ ನಿಂತುಬಿಡುತ್ತದೆ. ಹೀಗೆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಬದಲಿಗೆ ಮಣ್ಣೇ ಒರಟಾಗಿರಲಿ: ಕೆಂಪುಮಣ್ಣು ಮತ್ತು ಗೊಬ್ಬರ ಸೇರಿ ಅರ್ಧ, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಸೇರಿ ಇನ್ನರ್ಧ. ತಳದಲ್ಲಿ ತೂತಿರುವ ಮಣ್ಣಿನ ಕುಂಡವೇ ಉತ್ತಮ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಗಿಡಗಳನ್ನು ಸೂರಿನಡಿಗೆ ತಂದಿಡಬೇಕು.

ತಪ್ಪು ಕಲ್ಪನೆ: ಮುಳ್ಳಿಲ್ಲದ ಗಿಡದಿಂದ ಅಪಾಯವಿಲ್ಲ

ಸತ್ಯ: ಲೋಳೆಸರದ ಸಿಪ್ಪೆಯಡಿಯ ಹಳದಿ ರಸ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಯೂಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಹಾನಿ. ಜೇಡ್, ಕಾಡುಬಸಳೆ, ಸ್ನೇಕ್ ಪ್ಲಾಂಟ್‌ಗಳನ್ನು ನಾಯಿ, ಬೆಕ್ಕು ತಿನ್ನಬಾರದು. ಸಾಕುಪ್ರಾಣಿಗಳಿರುವ ಮನೆಗೆ ಹಾವರ್ಥಿಯಾ, ಬರೋಸ್ ಟೇಲ್ ಸುರಕ್ಷಿತ.

ತಪ್ಪು ಕಲ್ಪನೆ: ಬಣ್ಣಬಣ್ಣದವೇ ಚೆಂದ, ಹಸಿರಾದರೆ ರೋಗ

ಸತ್ಯ: ಹಲವು ಎಚಿವೇರಿಯಾಗಳ ಗುಲಾಬಿ, ನೇರಳೆ ಬಣ್ಣ ಪ್ರಖರ ಬೆಳಕು ಮತ್ತು ಚಳಿಗೆ ಗಿಡ ತೋರುವ ಪ್ರತಿಕ್ರಿಯೆ. ಮನೆಯೊಳಗಿನ ಮಂದ ಬೆಳಕಿನಲ್ಲಿ ಅವು ಹಸಿರಿಗೆ ಮರಳುವುದು ಸಹಜ. ಮೊದಲೇ ಹಸಿರಾಗಿರುವ ಹಾವರ್ಥಿಯಾ, ಜೇಡ್, ಬರೋಸ್ ಟೇಲ್‌ಗಳು ಮನೆಯ ಬೆಳಕಿನಲ್ಲೂ ತಮ್ಮ ಚೆಲುವು ಕಳೆದುಕೊಳ್ಳವು. ಹೊಸದಾಗಿ ಬೆಳೆಸುವವರು ಒಂದು ಹಾವರ್ಥಿಯಾದಿಂದ ಶುರುಮಾಡಲಿ. ಬುಡದಲ್ಲಿ ಮರಿಗಳು ಮೂಡಿದರೆ ಜಾಗ, ನೀರು, ಬೆಳಕು ಮೂರೂ ಹೊಂದಿವೆ ಎಂದರ್ಥ. ಎರಡನೆಯ ಗಿಡ ತರಲು ಅದೇ ಸರಿಯಾದ ಸಮಯ.