ಕರದಂಟು ಯಾರದ್ದು? ವಿಯೆನ್ನಾದ ಕೇಕ್ ಜಗಳ ಅಮೀನಗಡಕ್ಕೆ ಹೇಳುವುದೇನು

ಕೇಕಿನ ನಡುವೆ ಒಂದು ಪದರ ಜಾಮ್ ಇರಬೇಕೋ ಬೇಡವೋ? ಈ ಪ್ರಶ್ನೆ ಹಿಡಿದುಕೊಂಡು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಒಂದು ಹೋಟೆಲ್ಲು, ಒಂದು ಸಿಹಿತಿಂಡಿ ಅಂಗಡಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವು. ತಮಾಷೆ ಅನ್ನಿಸಬಹುದು. ಆದರೆ ಅದು ಜಾಮಿನ ಜಗಳ ಅಲ್ಲ, ಹೆಸರಿನ ಜಗಳ. ಹೆಸರಿನ ಹಿಂದಿರುವ ದುಡ್ಡಿನ ಜಗಳ. ಹುನಗುಂದ ತಾಲೂಕಿನ ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಅರ್ಧ ಕೆಜಿ ಕರದಂಟು ಕಟ್ಟಿಸಿಕೊಳ್ಳುವವರಿಗೆ ಈ ಕತೆ ದೂರದ್ದೇನಲ್ಲ.

ಕತೆ ಶುರುವಾಗುವುದು 1832ರಲ್ಲಿ. ಆಸ್ಟ್ರಿಯಾದ ಚಾನ್ಸಲರ್ ಮೆಟರ್ನಿಖ್ ಮನೆಗೆ ಅತಿಥಿಗಳು ಬರುವವರಿದ್ದರು, ಮುಖ್ಯ ಬಾಣಸಿಗನಿಗೆ ಹುಷಾರಿರಲಿಲ್ಲ, 16 ವರ್ಷದ ಫ್ರಾಂಝ್ ಸಾಖರ್ ಎಂಬ ಕೆಲಸ ಕಲಿಯುವ ಹುಡುಗ ಚಾಕೊಲೇಟ್ ಕೇಕೊಂದನ್ನು ಮಾಡಿಕೊಟ್ಟ ಅಂತ ಹೇಳುತ್ತಾರೆ. (ಪತ್ರಿಕೆಗಳಿಗೆ ಸೆನ್ಸಾರ್ ಹಾಕಿ, ವಿದ್ಯಾರ್ಥಿ ಸಂಘಟನೆಗಳನ್ನು ಹತ್ತಿಕ್ಕಿದ ಅದೇ ಮೆಟರ್ನಿಖ್. ಒಳ್ಳೆಯ ತಿಂಡಿಗೆ ಒಳ್ಳೆಯ ಯಜಮಾನನೇ ಬೇಕೆಂದೇನಿಲ್ಲ.) ಫ್ರಾಂಝನ ಮಗ ಎಡ್ವರ್ಡ್ ವಿಯೆನ್ನಾದ ಹೆಸರಾಂತ ಡೆಮೆಲ್ ಅಂಗಡಿಯಲ್ಲಿ ಕೆಲಸ ಕಲಿತ, ಆಮೇಲೆ 1876ರಲ್ಲಿ ಸ್ವಂತ ಹೋಟೆಲ್ ತೆರೆದ. 1934ರಲ್ಲಿ ಹೋಟೆಲ್ ದಿವಾಳಿಯಾಯಿತು. ಮನೆತನದ ಕುಡಿ ಡೆಮೆಲ್‌ಗೆ ಹೋಗಿ ಸೇರಿಕೊಂಡ, ಹೆಸರಿನ ಹಕ್ಕೂ ಅವನ ಜೊತೆ ಹೋಯಿತು. ಇತ್ತ ಹೋಟೆಲಿನ ಹೊಸ ಮಾಲೀಕರು 'ಒರಿಜಿನಲ್' ಅನ್ನುವ ಪದ ಸೇರಿಸಿ ಅದೇ ಕೇಕ್ ಮಾರತೊಡಗಿದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1954ರಲ್ಲಿ ಕೇಸು ಬಿತ್ತು. ನಡುವಿನ ಜಾಮ್ ಪದರ ಮೊದಲಿಂದ ಇತ್ತೋ ಇಲ್ಲವೋ ಅಂತ ಸಾಕ್ಷಿ ಹೇಳಲು ಲೇಖಕ ಫ್ರೀಡ್ರಿಖ್ ಟೋರ್ಬರ್ಗ್ ಕೂಡ ಬಂದರು. ಕೊನೆಗೆ 1960ರ ದಶಕದಲ್ಲಿ ರಾಜಿ: 'ಒರಿಜಿನಲ್' ಅನ್ನುವ ಪದ ಹೋಟೆಲಿಗೆ, ಎಡ್ವರ್ಡ್ ಸಾಖರ್ ಹೆಸರಿನ ತ್ರಿಕೋನ ಮುದ್ರೆ ಡೆಮೆಲ್‌ಗೆ. ಇವತ್ತಿಗೂ ಹೋಟೆಲಿನ ಕೇಕಿನಲ್ಲಿ ಜರ್ದಾಳು ಜಾಮ್ ನಡುವೆಯೂ ಇರುತ್ತೆ, ಮೇಲಿನ ಚಾಕೊಲೇಟಿನ ಕೆಳಗೂ ಇರುತ್ತೆ. ಡೆಮೆಲ್‌ನದ್ದರಲ್ಲಿ ಚಾಕೊಲೇಟಿನ ಕೆಳಗೆ ಮಾತ್ರ.

ಈಗ ಅಮೀನಗಡಕ್ಕೆ ಬರೋಣ. ಬೆಳಗಾವಿ–ರಾಯಚೂರು ದಾರಿಯ ಮೇಲಿನ ಊರು. ಐಹೊಳೆಗೆ, ಕೂಡಲಸಂಗಮಕ್ಕೆ ಹೋಗುವವರೂ ಹಾದುಹೋಗುವ ಜಾಗ. ಇಲ್ಲಿಯ ವಿಜಯಾ ಕರದಂಟು ತನ್ನ ಶುರುವಾತನ್ನು 1907ಕ್ಕೆ ಒಯ್ಯುತ್ತದೆ. ಅತ್ತ ಗೋಕಾಕದವರನ್ನು ಕೇಳಿದರೆ ಕರದಂಟು ಅಂದರೆ ಗೋಕಾಕದ್ದೇ ಅಂತಾರೆ. ಇಲ್ಲಿಯವರು ಒಪ್ಪಲ್ಲ. ವಾದ ಮುಗಿಯುವುದೂ ಇಲ್ಲ.

ಕರಿದ ಅಂಟು, ಅದೇ ಕರದಂಟು. ಹೆಸರಲ್ಲೇ ರೆಸಿಪಿ ಇದೆ. ಮರದ ಅಂಟಿನ ಹರಳನ್ನು ಕಾದ ತುಪ್ಪಕ್ಕೆ ಹಾಕಿದಾಗ ಒಳಗೆ ಉಳಿದಿರುವ ಸ್ವಲ್ಪ ನೀರು ಆವಿಯಾಗುತ್ತೆ. ಅದಕ್ಕೆ ಹೊರಬರಲು ದಾರಿ ಸಿಗದೆ ಹರಳು ಅರಳಿನಂತೆ ಉಬ್ಬುತ್ತೆ. ಕಲ್ಲಿನಂಥದ್ದು ಬಾಯಲ್ಲಿ ಪುಡಿಯಾಗುವಂಥದ್ದಾಗುತ್ತೆ. ತುಪ್ಪ ಕಾಯುವುದು ಕಡಿಮೆಯಾದರೆ ಒಳಗೆ ಗಟ್ಟಿ ತಿರುಳು ಉಳಿದು ಹಲ್ಲಿಗೆ ಮೆತ್ತುತ್ತೆ, ಹೆಚ್ಚಾದರೆ ಮೇಲೆ ಸೀದುಹೋಗುತ್ತೆ. ಆಮೇಲೆ ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಗಸಗಸೆ, ಏಲಕ್ಕಿ, ಜಾಜಿಕಾಯಿ. ಪಾಕದಲ್ಲಿ ನೀರಿನಂಶ ತೀರಾ ಕಡಿಮೆ ಇರುವುದರಿಂದ ಬೂಸ್ಟು ಹಿಡಿಯುವುದು ನಿಧಾನ, ಪ್ರಿಸರ್ವೇಟಿವ್ ಇಲ್ಲದೆಯೂ ದಿನಗಟ್ಟಲೆ ಇಡಬಹುದು. ಪಾರ್ಸಲ್ ಮಾಡಿ ದೂರದೂರಿಗೆ ಕಳಿಸಬಹುದಾದ ಸಿಹಿ ಇದು. ಸಾಖರ್ ಕೇಕಿನ ಯಶಸ್ಸಿಗೂ ಇದೇ ಒಂದು ಕಾರಣ: ಜಾಮು, ಚಾಕೊಲೇಟಿನ ಹೊದಿಕೆ ಒಳಗಿನ ಪಸೆ ಹೋಗದಂತೆ ತಡೆಯುತ್ತವೆ, ಹಾಗಾಗಿ ಮರದ ಪೆಟ್ಟಿಗೆಯಲ್ಲಿ ದೇಶ ದಾಟಿಸಬಹುದು.

ಅಂಗಡಿಗೆ ಬರುವ ಮುಂಚೆ ಅಂಟು ಇದ್ದದ್ದು ಮನೆಯಲ್ಲಿ. ಬಾಣಂತಿಗೆ ಅಂಟಿನುಂಡಿ ಕೊಡುವುದು ನಮ್ಮ ಕಡೆ ಇವತ್ತಿಗೂ ಇದೆ. ಯಾವ ಅವ್ವ, ಯಾವ ಅಜ್ಜಿ ಮೊದಲು ಮಾಡಿದಳು ಅನ್ನುವುದಕ್ಕೆ ಬೋರ್ಡಿಲ್ಲ, ಇಸವಿಯಿಲ್ಲ. ಇಸವಿ ಬರುವುದು ಅಂಗಡಿಗೆ, ಗಂಡಸಿನ ಹೆಸರಿಗೆ. ವಿಯೆನ್ನಾದಲ್ಲೂ ಹಾಗೇ ಆಯಿತು.

'ಇದಕ್ಕೆ ಜಿಐ ಟ್ಯಾಗ್ ಬೇಕು' ಅನ್ನುವ ಮಾತು ಪ್ರತಿ ಊರಿನ ತಿಂಡಿಯ ಬಗ್ಗೆಯೂ ಕೇಳಿಬರುತ್ತೆ. ಜಿಐ ಅಂದರೆ ಭೌಗೋಳಿಕ ಸೂಚಿ. ಕಾಯ್ದೆ ಆಗಿದ್ದು 1999ರಲ್ಲಿ, ಜಾರಿಗೆ ಬಂದಿದ್ದು 2003ರಲ್ಲಿ, ನೋಂದಣಿ ಕಚೇರಿ ಇರುವುದು ಚೆನ್ನೈನಲ್ಲಿ. ಟ್ರೇಡ್‌ಮಾರ್ಕ್ ಒಬ್ಬ ವ್ಯಾಪಾರಿಯ ಸ್ವತ್ತು, ಮಾರಬಹುದು, ಬೇರೆಯವರಿಗೆ ಬರೆದುಕೊಡಬಹುದು. ಜಿಐ ಒಂದು ಊರಿನದ್ದು, ಮಾರುವಂತಿಲ್ಲ. ಅರ್ಜಿಯನ್ನು ಒಬ್ಬ ಅಂಗಡಿಯವ ಹಾಕುವಂತಿಲ್ಲ, ತಯಾರಕರನ್ನು ಪ್ರತಿನಿಧಿಸುವ ಸಂಘವೋ ಸಂಸ್ಥೆಯೋ ಹಾಕಬೇಕು. 'ಕರದಂಟು' ಅನ್ನುವ ಬರೀ ಪದವನ್ನು ಯಾರೂ ಬೇಲಿ ಹಾಕಿಕೊಳ್ಳಲಾಗದು, ಅದು ವಸ್ತುವಿನ ಸಾಮಾನ್ಯ ಹೆಸರು. ಊರಿನ ಹೆಸರು ಸೇರಿದಾಗಲೇ ಹಕ್ಕಿನ ಮಾತು. ಸಾಖರ್ ಕೇಸಿನಲ್ಲಿ ಇದ್ದದ್ದು ಮನೆತನದ ಹೆಸರು, ಅದಕ್ಕೇ ಅದು ಇಬ್ಬರು ಖಾಸಗಿಯವರ ಜಗಳವಾಗಿ ಉಳಿಯಿತು.

ಗೋಕಾಕ, ಅಮೀನಗಡ ಎರಡಕ್ಕೂ ಹಕ್ಕು ಸಿಗುತ್ತಾ? ಸಿಗಬಹುದು. ರಸಗುಲ್ಲಾ ಯಾರದ್ದು ಅಂತ ಬಂಗಾಳ, ಒಡಿಶಾ ಕಿತ್ತಾಡಿದ್ದು ನೆನಪಿದೆಯಲ್ಲ. 2017ರಲ್ಲಿ 'ಬಾಂಗ್ಲಾರ್ ರಸೊಗೊಲ್ಲಾ'ಗೆ ಟ್ಯಾಗ್ ಬಂತು, 2019ರಲ್ಲಿ 'ಒಡಿಶಾ ರಸಗೋಲಾ'ಗೂ ಬಂತು. ಯಾರು ಮೊದಲು ಅಂತ ತೀರ್ಮಾನಿಸುವುದು ಕಾನೂನಿನ ಕೆಲಸವಲ್ಲ. ಆ ಊರಿನ ಗುಣವೋ ಖ್ಯಾತಿಯೋ ಆ ವಸ್ತುವಿಗೆ ಅಂಟಿಕೊಂಡಿದೆಯಾ ಅನ್ನುವುದಷ್ಟೇ ಅದರ ಪ್ರಶ್ನೆ.

'ಮೂಲ' ಅನ್ನುವ ಹುಡುಕಾಟ ಹೇಗೂ ಎಲ್ಲೂ ಮುಟ್ಟಲ್ಲ. ಧಾರವಾಡ ಪೇಡೆಗೆ ಜಿಐ ಇದೆ, ಅದನ್ನು ಧಾರವಾಡಕ್ಕೆ ತಂದದ್ದು ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಕುಟುಂಬ. ಆಸ್ಟ್ರಿಯಾದವರು ರಾಷ್ಟ್ರೀಯ ತಿಂಡಿ ಅನ್ನುವ ಆ್ಯಪಲ್ ಸ್ಟ್ರೂಡಲ್‌ನ ಕಾಗದದಷ್ಟು ತೆಳ್ಳನೆಯ ಹಿಟ್ಟು ಒಟ್ಟೋಮನ್ ತುರ್ಕರ ಬಕ್ಲಾವಾದ ನಂಟು. ವಲಸಿಗರ ವಿರುದ್ಧ ಓಟು ಕೇಳುವವರೂ ಅಲ್ಲಿ ಅದನ್ನೇ ತಿಂತಾರೆ. ಕರದಂಟಿನ ಗೋಡಂಬಿ, ಬಾದಾಮಿ, ಉತ್ತತ್ತಿ ಕೂಡ ಹುನಗುಂದದ ಎರೆಹೊಲದಲ್ಲಿ ಬೆಳೆದದ್ದಲ್ಲ. ಹತ್ತಿರದಿಂದ ಬರಬಹುದಾದದ್ದು ಬೆಲ್ಲ, ಮಹಾಲಿಂಗಪುರದ ಪೇಟೆ ಜಿಲ್ಲೆಯಲ್ಲೇ ಇದೆ. ಹಾಗಾದರೆ ಇದರಲ್ಲಿ ಅಮೀನಗಡದ್ದು ಯಾವುದು? ಕೈ. ಎಷ್ಟು ಕಾದಾಗ ಅಂಟು ಹಾಕಬೇಕು, ಪಾಕ ಯಾವಾಗ ಇಳಿಸಬೇಕು ಅಂತ ಗೊತ್ತಿರುವ ಕೈ.

ಆ ಕೈಗೆ ಏನು ಸಿಗುತ್ತೆ ಅನ್ನುವುದೇ ನನ್ನ ತಕರಾರು. ಜಿಐ ಕಾಯ್ದೆಯಲ್ಲಿ 'ಉತ್ಪಾದಕ' ಅನ್ನುವ ಪದದ ವ್ಯಾಖ್ಯೆ ಓದಿ. ಸರಕನ್ನು ಮಾಡುವವರಷ್ಟೇ ಅಲ್ಲ, ಅದರ ವ್ಯಾಪಾರ ಮಾಡುವವರೂ ಅದರೊಳಗೆ ಬರುತ್ತಾರೆ. ಸಂಘ ಕಟ್ಟುವಷ್ಟು ಬಿಡುವು, ಚೆನ್ನೈಗೆ ಕಡತ ಒಯ್ಯುವಷ್ಟು ದುಡ್ಡು ಯಾರಿಗಿರುತ್ತೆ? ಅಂಗಡಿ ಮಾಲೀಕರಿಗೆ. ಕಡಾಯಿ ಮುಂದೆ ನಿಂತು ಪಾಕ ತಿರುವುವ ಕೂಲಿಯವರಿಗಲ್ಲ. ತಿರುಪತಿ ಲಡ್ಡುವಿಗೆ 2009ರಲ್ಲಿ ಜಿಐ ಸಿಕ್ಕಾಗ ಬಂದ ಟೀಕೆಯೂ ಇದೇ ಜಾತಿಯದ್ದು: ಸಮುದಾಯದ ಹಕ್ಕು ಅಂತ ಮಾಡಿದ ಕಾನೂನು ಒಂದೇ ಸಂಸ್ಥೆಯ ಕೈಗೆ ಹೋಯಿತಲ್ಲ ಅಂತ.

ಹೆಚ್ಚು ದೂರ ಹೋಗಬೇಕಿಲ್ಲ, ಪಕ್ಕದ ಇಳಕಲ್ ನೋಡಿ. ಇಳಕಲ್ ಸೀರೆಗೆ ಜಿಐ ಬಂದು ಎಷ್ಟೋ ವರ್ಷವಾಯಿತು. ಕೈಮಗ್ಗದ ನೇಕಾರ ಒಡಲಿಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವಾಗ, ಪವರ್‌ಲೂಮಿನ ಅಗ್ಗದ ಸೀರೆ ಅದೇ ಹೆಸರಲ್ಲಿ ಪೇಟೆಗೆ ಬಂದಿರುತ್ತೆ. ಟ್ಯಾಗ್ ತಾನೇ ಎದ್ದು ಹೋಗಿ ನಕಲಿಯವನನ್ನು ಹಿಡಿಯಲ್ಲ. ಯಾರೋ ದೂರು ಕೊಡಬೇಕು, ವಕೀಲರಿಗೆ ಫೀಸು ಕೊಡಬೇಕು, ವರ್ಷಗಟ್ಟಲೆ ಓಡಾಡಬೇಕು. ಸಾಖರ್ ಹೋಟೆಲಿಗೆ ಅದು ಸಾಧ್ಯವಾಯಿತು.

ಜಿಐ ಬೇಡ ಅಂತ ನಾನು ಹೇಳುತ್ತಿಲ್ಲ. ಅರ್ಜಿಯಲ್ಲಿ ಏನು ಬರೆಯುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂತಿದ್ದೇನೆ. ಇಲ್ಲಿ ಆಸ್ಟ್ರಿಯಾದಿಂದ ಕಲಿಯಬೇಕಾದದ್ದು ಕೇಕಿನಿಂದಲ್ಲ, ವೀನರ್ ಶ್ನಿಟ್ಸೆಲ್ ಅನ್ನುವ ಮಾಂಸದ ಖಾದ್ಯದಿಂದ. ಅಲ್ಲಿಯ ಆಹಾರ ಸಂಹಿತೆಯ ಪ್ರಕಾರ ಆ ಹೆಸರಿಡಬೇಕಾದರೆ ಅದು ಎಳೆಗರುವಿನ ಮಾಂಸವೇ ಆಗಿರಬೇಕು. ಹಂದಿಯದ್ದಾದರೆ ಹಂದಿಯದ್ದು ಅಂತ ಮೆನುವಿನಲ್ಲಿ ಹೇಳಬೇಕು. ಯಾರೂ ಮಾಡಬಹುದು, ಎಲ್ಲೂ ಮಾರಬಹುದು, ಸುಳ್ಳು ಹೇಳುವಂತಿಲ್ಲ ಅಷ್ಟೇ. ಕರದಂಟಿಗೂ ಇಂಥದ್ದೊಂದು ಗೆರೆ ಬೇಕು: ತುಪ್ಪವೋ ವನಸ್ಪತಿಯೋ? ಬೆಲ್ಲವೋ ಸಕ್ಕರೆಯೋ? ನೂರು ಗ್ರಾಂನಲ್ಲಿ ಅಂಟು ಎಷ್ಟು? ಪ್ಯಾಕೆಟ್ಟಿನ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅನ್ನುವ ನಿಯಮ ನಮ್ಮಲ್ಲೂ ಇದೆ. ಬಿಡಿಯಾಗಿ ಮಾರುವ ಸಿಹಿಗೆ ಎಷ್ಟು ದಿನ ಚೆನ್ನಾಗಿರುತ್ತೆ ಅಂತ ಬರೆದಿಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಅಕ್ಟೋಬರ್ 2020ರಿಂದ ಕಡ್ಡಾಯ ಮಾಡಿದೆ. ಮುಂದಿನ ಸಲ ಕರದಂಟಿನ ಪ್ಯಾಕೆಟ್ ತಿರುಗಿಸಿ ಓದಿ. ಮೊದಲು ಬರುವ ಹೆಸರು ಅಂಟೋ, ಬೆಲ್ಲವೋ, ಇನ್ನೇನೋ ಅಂತ ಗೊತ್ತಾಗುತ್ತೆ.

ಅಂಟಿನ ಇನ್ನೊಂದು ಎಳೆ ಯುದ್ಧಭೂಮಿವರೆಗೂ ಹೋಗುತ್ತೆ. ಜಾಲಿಯ ಜಾತಿಯ ಮರಗಳಿಂದ ಬರುವ ಗಮ್ ಅರೇಬಿಕ್‌ನಲ್ಲಿ ಜಗತ್ತಿಗೇ ದೊಡ್ಡ ಪೂರೈಕೆದಾರ ಸುಡಾನ್. ತಂಪು ಪಾನೀಯದ ಕಂಪನಿಗಳಿಗೆ ಅದು ಎಷ್ಟು ಬೇಕೆಂದರೆ, 1997ರಲ್ಲಿ ಅಮೆರಿಕ ಸುಡಾನಿನ ಮೇಲೆ ದಿಗ್ಬಂಧನ ಹೇರಿದಾಗಲೂ ಅಂಟಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಏಪ್ರಿಲ್ 2023ರಿಂದ ಅಲ್ಲಿ ಅಂತರ್ಯುದ್ಧ ನಡೆದಿದೆ. ಭಾರತವೂ ಆಫ್ರಿಕಾದಿಂದ ಅಂಟು ತರಿಸಿಕೊಳ್ಳುತ್ತೆ. ನಮ್ಮ ದೇಶದ ಕಾಡುಗಳಲ್ಲಿ ಮರಕ್ಕೆ ಗಾಯ ಮಾಡಿ ಅಂಟು ಕೂಡಿಸುವವರಲ್ಲಿ ಹೆಚ್ಚಿನವರು ಆದಿವಾಸಿಗಳು. ಅಮೀನಗಡದ ಹೆಸರಿಗೆ ನಾಳೆ ಮುದ್ರೆ ಬಿದ್ದರೂ ಇವರ ಹೆಸರು ಆ ಅರ್ಜಿಯ ಯಾವ ಕಾಲಮ್ಮಿನಲ್ಲೂ ಬರಲ್ಲ. ಕಡಾಯಿ ಮುಂದೆ ನಿಂತವರ ಹೆಸರನ್ನಾದರೂ ಅಧಿಕೃತ ಬಳಕೆದಾರರ ಪಟ್ಟಿಗೆ ಸೇರಿಸಬಹುದು, ಕಾನೂನು ಅದಕ್ಕೆ ಅಡ್ಡ ಬರಲ್ಲ. ಸಂಘದ ಮೊದಲ ಸಭೆಗೆ ಅವರನ್ನು ಕರೆಯಬೇಕು, ಅಷ್ಟೇ.