ಬಿಟರ್‌ರೂಟ್ ಕಣಿವೆ: ಮಿಷನ್, ಕೋಟೆ, ಒಂದು ಸುಳ್ಳು ಸಹಿ

ಗಾಡಿ ಚಕ್ರದ ಕಬ್ಬಿಣದ ಪಟ್ಟಿಯನ್ನ ತಟ್ಟಿ ನೇರ ಮಾಡಿ, ಅರದಿಂದ ಹಲ್ಲು ಕೊರೆದ್ರೆ ಏನಾಗುತ್ತೆ? ಗರಗಸ! ಅಮೆರಿಕದ ಮೊಂಟಾನಾದಲ್ಲಿ, ಬಿಟರ್‌ರೂಟ್ ನದಿ ಕಣಿವೆಯಲ್ಲಿ ಪಾದ್ರಿ ರವಾಲ್ಲಿ ಮರ ಕೊಯ್ಯೋಕೆ ಮಾಡ್ಕೊಂಡಿದ್ದು ಇದನ್ನೇ. ಅವರ ಹಿಟ್ಟಿನ ಗಿರಣಿಯ ಬೀಸೋ ಕಲ್ಲುಗಳು ಮಾತ್ರ ಬೆಲ್ಜಿಯಂನಿಂದ ಹಡಗಲ್ಲಿ ಬಂದಿದ್ವು.

ಈ ಕಣಿವೆ ಮೂಲನಿವಾಸಿ ಸೇಲಿಷ್ ಜನರ ತವರು. ಪಾದ್ರಿಗಳನ್ನ ಕಳಿಸಿ ಅಂತ ಸೇಂಟ್ ಲೂಯಿಸ್ ನಗರದವರೆಗೂ ಹೋಗಿ ಕೇಳಿದವರೂ ಅವರೇ. 1841ರಲ್ಲಿ ಪಾದ್ರಿ ಡಿ ಸ್ಮೆಟ್ ಬಂದು ಸೇಂಟ್ ಮೇರೀಸ್ ಅನ್ನೋ ಕ್ರೈಸ್ತ ಮಿಷನ್ ಶುರು ಮಾಡಿದ್ರು; ರವಾಲ್ಲಿ ಆಮೇಲೆ ಕೆಲಸ ಮಾಡಿದ್ದೂ ಇಲ್ಲೇ. ಒಂಬತ್ತೇ ವರ್ಷಕ್ಕೆ ಮಿಷನ್‌ಗೆ ಬೀಗ ಬಿತ್ತು. ಜಾನ್ ಓವನ್ ಅನ್ನೋ ವ್ಯಾಪಾರಿ 250 ಡಾಲರ್‌ಗೆ ಅದನ್ನ ಕೊಂಡು, ಮುಂದೆ ಹಸಿ ಇಟ್ಟಿಗೆಯ ಫೋರ್ಟ್ ಓವನ್ ಕಟ್ಟಿದ. ನೆಲ ಸೇಲಿಷರದು, ಕ್ರಯಪತ್ರ ಮಾತ್ರ ಬೇರೆಯವರ ಮಧ್ಯೆ! ಕೋಟೆ ಅಂತ ಹೆಸರು, ನಡೀತಿದ್ದದ್ದು ವ್ಯಾಪಾರ. ಅದರ ಒಂದು ಕಟ್ಟಡ ಸ್ಟೀವನ್ಸ್‌ವಿಲ್ ಊರಿನ ಪಕ್ಕ ಈಗಲೂ ಇದೆ.

ಅಸಲಿ ಕಥೆ ಇರೋದು ಇಲ್ಲಿ. 1872ರಲ್ಲಿ, ಸೇಲಿಷರು ಕಣಿವೆ ಬಿಟ್ಟು ಹೊರಡಬೇಕು ಅನ್ನೋ ಅಮೆರಿಕ ಸರ್ಕಾರದ ಒಪ್ಪಂದಕ್ಕೆ ಅವರ ನಾಯಕ ಶಾರ್ಲೊ ಸಹಿ ಹಾಕಲೇ ಇಲ್ಲ. ಆದ್ರೆ ಸರ್ಕಾರ ಅಚ್ಚು ಹಾಕಿಸಿದ ಪ್ರತಿಯಲ್ಲಿ ಅವರ ಸಹಿಯ ಗುರುತಿತ್ತು! ಆಮೇಲೂ ಶಾರ್ಲೊ ಹಠ ಬಿಡದೆ ಅಲ್ಲೇ ಉಳಿದ್ರು. 1891ರ ಅಕ್ಟೋಬರ್‌ನಲ್ಲಿ ಅವರನ್ನೂ ಅವರ ಜನರನ್ನೂ ಉತ್ತರದ ಫ್ಲಾಟ್‌ಹೆಡ್ ಮೀಸಲು ಪ್ರದೇಶಕ್ಕೆ ಸಾಗಿಸಲಾಯ್ತು.